ಹಳೇ ಮೌಂಟನ್ ಬೈಕ್ ರಿಪೇರಿ: ಪಾರ್ಟ್ಸ್ ಕೊಳ್ಳುವ ಮೊದಲು ಫ್ರೇಮ್ ನೋಡಿ

1990ರ ದಶಕದ ಸ್ಟೀಲ್ ಮೌಂಟನ್ ಬೈಕನ್ನು ಗುಜರಿ ಬೆಲೆಗೆ ಕೊಂಡವರು ವರ್ಕ್‌ಶಾಪಿಗೆ ಬರುವಾಗ ಹೊಸ ಟಯರು, ಚೈನು, ಕೇಬಲ್ಲು ಎಲ್ಲ ತಂದಿರುತ್ತಾರೆ. ಫ್ರೇಮನ್ನು ಮಾತ್ರ ಸರಿಯಾಗಿ ನೋಡಿರುವುದಿಲ್ಲ. ನಮ್ಮ ಕೆಲಸದ ಕ್ರಮ ಇದಕ್ಕೆ ತದ್ವಿರುದ್ಧ. ಪೂರ್ತಿ ಬಿಚ್ಚಿ, ತೊಳೆದು, ಫ್ರೇಮ್ ಉಳಿಯುತ್ತದೋ ಇಲ್ಲವೋ ಅಂತ ತೀರ್ಮಾನ ಆಗುವ ತನಕ ಒಂದು ಬ್ರೇಕ್ ರಬ್ಬರನ್ನೂ ಕೊಳ್ಳುವುದಿಲ್ಲ.

ಮೊದಲು ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಸ್ಟೀಲು, ಮುಂದುವರಿಯಬಹುದು. ಅಂಟದಿದ್ದರೆ ಬಹುಪಾಲು ಅಲ್ಯುಮಿನಿಯಂ. ಅದರಲ್ಲಿ ಬಿರುಕು ಕಂಡರೆ ಬಿಟ್ಟುಬಿಡಿ. 6061 (ಫ್ರೇಮಿಗೆ ಬಳಸುವ ಒಂದು ಮಿಶ್ರಲೋಹ) ಅಲ್ಯುಮಿನಿಯಂ ಫ್ರೇಮನ್ನು ಕಾರ್ಖಾನೆಯಲ್ಲಿ ವೆಲ್ಡ್ ಮಾಡಿದ ಮೇಲೆ ಒಲೆಯಲ್ಲಿಟ್ಟು ಕಾಯಿಸಿ ಹದ ಮಾಡಿರುತ್ತಾರೆ, ಅದರ ಗಟ್ಟಿತನ ಬರುವುದು ಅಲ್ಲಿಂದ. ಆಮೇಲೆ ಯಾರಾದರೂ ಮತ್ತೆ ವೆಲ್ಡ್ ಮಾಡಿದರೆ ಬೆಸುಗೆಯ ಸುತ್ತ ಆ ಹದ ಹೋಗುತ್ತದೆ, ಸ್ವಲ್ಪ ದಿನಕ್ಕೆ ಪಕ್ಕದಲ್ಲೇ ಮತ್ತೆ ಬಿರುಕು ಬಿಡುತ್ತದೆ.

ಸ್ಟೀಲ್ ಫ್ರೇಮಿನಲ್ಲಿ ಮೊದಲು ನೋಡಬೇಕಾದ್ದು ಹೆಡ್ ಪೈಪಿನ (ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪು) ಹಿಂದಿನ ಭಾಗ. ಮುಂದಿನ ಚಕ್ರ ಗೋಡೆಗೋ ಗುಂಡಿಗೋ ಜೋರಾಗಿ ಹೊಡೆದಿದ್ದರೆ, ಕೆಳಗಿನ ಓರೆ ಪೈಪಿನ ಅಡಿಯಲ್ಲಿ, ಹೆಡ್ ಪೈಪಿನಿಂದ ಸುಮಾರು 3ರಿಂದ 8 ಸೆಂ.ಮೀ. ದೂರದಲ್ಲಿ, ಸಣ್ಣ ಉಬ್ಬು ಏಳುತ್ತದೆ. ಕಣ್ಣಿಗೆ ಕಾಣದಿದ್ದರೂ ಕಣ್ಮುಚ್ಚಿ ಬೆರಳು ಆಡಿಸಿದರೆ ಸಿಗುತ್ತದೆ. ಅಲ್ಲಿ ಪೇಂಟು ಅಡ್ಡಡ್ಡ ಸೀಳಿದ್ದು, ಸೀಳಿನಲ್ಲಿ ತುಕ್ಕಿನ ಗೆರೆ ಇದ್ದರೆ ಅನುಮಾನವೇ ಬೇಡ. ಒಳ್ಳೆ ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆಸಿದ ಸ್ಟೀಲು) ಪೈಪುಗಳು ಸಾಮಾನ್ಯವಾಗಿ ತುದಿಯಲ್ಲಿ 0.9 ಮಿ.ಮೀ., ನಡುವೆ 0.6 ಮಿ.ಮೀ. ದಪ್ಪ ಇರುತ್ತವೆ. ದಪ್ಪ ಮುಗಿದು ತೆಳು ಶುರುವಾಗುವ ಕಡೆಯೇ ಪೈಪು ಸುಕ್ಕುಗಟ್ಟುತ್ತದೆ. ಎಳೆದು ನೇರ ಮಾಡುತ್ತೇನೆ ಅನ್ನುವವರು ಸಿಗುತ್ತಾರೆ. ಹಾಗೆ ಮಾಡಿದರೆ ಲೋಹ ಎರಡು ಸಲ ಮಡಚಿದಂತಾಯಿತು, ಒಂದು ದಿನ ಇಳಿಜಾರಿನಲ್ಲಿ ಅದೇ ಜಾಗದಲ್ಲಿ ಮುರಿಯುತ್ತದೆ. ಪೈಪು ಬದಲಾಯಿಸುವ ಖರ್ಚು ಸೈಕಲ್ಲಿನ ಬೆಲೆ ಮೀರುವುದರಿಂದ ಇಂಥ ಫ್ರೇಮನ್ನು ಪಾರ್ಟ್ಸ್‌ಗೆ ಮಾತ್ರ ಇಟ್ಟುಕೊಳ್ಳಿ.

ಮೇಲಿನ ಪೈಪಿನಲ್ಲಿ ಹ್ಯಾಂಡಲ್ ತಿರುಗಿ ಬಡಿದು ಆದ ನೆಗ್ಗು ಅಷ್ಟು ಗಂಭೀರ ಅಲ್ಲ. ಅಂಚು ನುಣ್ಣಗಿದ್ದು, ತಗ್ಗು ಆಳವಿಲ್ಲದಿದ್ದರೆ ಹಾಗೇ ಬಿಡಿ. ಅಂಚು ಚೂಪಾಗಿ ಮಡಚಿದ್ದರೆ ಮಾತ್ರ ಪೇಂಟ್ ಕೆರೆದು ಬಿರುಕು ಹುಡುಕಿ.

ಸೊಟ್ಟ ನೋಡಲು ದಾರ ಸಾಕು. ಹಿಂಚಕ್ರ ಕೂರುವ ಎಡ ಡ್ರಾಪೌಟಿಗೆ ಕಟ್ಟಿ, ಹೆಡ್ ಪೈಪನ್ನು ಸುತ್ತಿಸಿ, ಬಲ ಡ್ರಾಪೌಟಿಗೆ ಬಿಗಿಯಾಗಿ ತನ್ನಿ. ಸೀಟ್ ಪೈಪಿಗೂ ದಾರಕ್ಕೂ ಇರುವ ಅಂತರವನ್ನು ಎರಡೂ ಬದಿ ಕ್ಯಾಲಿಪರ್‌ನಲ್ಲಿ ಅಳೆಯಿರಿ. 1-2 ಮಿ.ಮೀ. ವ್ಯತ್ಯಾಸ ನಡೆಯುತ್ತದೆ, 3 ದಾಟಿದರೆ ಸರಿಮಾಡಬೇಕು. ಜೊತೆಗೆ ಡ್ರಾಪೌಟುಗಳ ನಡುವಿನ ಅಗಲವನ್ನೂ ಬರೆದುಕೊಳ್ಳಿ: ಹಳೆಯ 7 ಸ್ಪೀಡ್ ಮೌಂಟನ್ ಬೈಕುಗಳಲ್ಲಿ ಸಾಮಾನ್ಯವಾಗಿ 130, ನಂತರದವುಗಳಲ್ಲಿ 135 ಮಿ.ಮೀ. 130ರ ಫ್ರೇಮಿಗೆ 135ರ ಚಕ್ರ ಹಾಕಲು ಹಿಗ್ಗಿಸುವುದಾದರೆ 10 ಮಿ.ಮೀ. ಥ್ರೆಡ್ ರಾಡು, ಎರಡು ನಟ್ಟು, ದಪ್ಪ ವಾಷರು ಸಾಕು. ಸ್ಟೀಲು ಸ್ಪ್ರಿಂಗಿನಂತೆ ವಾಪಸ್ ಬರುವುದರಿಂದ 135ರ ತನಕ ಹಿಗ್ಗಿಸಿ ಬಿಟ್ಟರೆ ಏನೂ ಆಗುವುದಿಲ್ಲ, ಅದಕ್ಕಿಂತ ಸಾಕಷ್ಟು ಮುಂದೆ ಹೋಗಬೇಕು. ಪ್ರತಿ ಸಲ ಸ್ವಲ್ಪ ಹೆಚ್ಚಿಸಿ, ಬಿಟ್ಟು, ಅಳೆಯಿರಿ. ಮೆತ್ತಗಿರುವ ಬದಿ ಮೊದಲು ಬಾಗುತ್ತದೆ, ಆದ್ದರಿಂದ ನಡುನಡುವೆ ದಾರ ಕಟ್ಟಿ ನೋಡಲೇಬೇಕು.

ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಹಿಂದೆ ಹಿಡಿದಿಡುವ ಕೊಂಡಿ) ಒಳಕ್ಕೆ ಬಾಗಿರುವುದು ಹಳೇ ಸೈಕಲ್ಲುಗಳಲ್ಲಿ ಮಾಮೂಲಿ. ಹ್ಯಾಂಗರಿನ ಥ್ರೆಡ್ಡೂ ಕ್ವಿಕ್ ರಿಲೀಸ್ (ಸ್ಪ್ಯಾನರ್ ಇಲ್ಲದೆ ಲಿವರಿನಿಂದ ಬಿಚ್ಚುವ) ಹಿಂಚಕ್ರದ ಆಕ್ಸಲಿನ ಥ್ರೆಡ್ಡೂ ಒಂದೇ, 10 ಮಿ.ಮೀ. × 1. ಇನ್ನೊಂದು ಹಿಂಚಕ್ರದ ಆಕ್ಸಲನ್ನು ಅದಕ್ಕೆ ತಿರುಗಿಸಿ, ಎರಡು ಚಕ್ರ ಸಮಾನಾಂತರ ಆಗುವ ತನಕ ಮೆಲ್ಲಗೆ ಬಾಗಿಸಿ. ದುಬಾರಿ ಗೇಜ್ ಬೇಕಾಗಿಲ್ಲ.

ಈ ಸೈಕಲ್ಲುಗಳಲ್ಲಿ ನಿಜವಾಗಿ ರಿಪೇರಿ ಮಾಡಲು ಯೋಗ್ಯವಾದ ಬಿರುಕು ಅಂದರೆ ಸೀಟ್ ಪೈಪಿನ ಬಾಯಿಯದು. ಚಿಕ್ಕ ಫ್ರೇಮಿಗೆ ಎತ್ತರದ ಸವಾರ ಕೂತು, ಸೀಟ್ ಪೋಸ್ಟನ್ನು ಅದರ ಮೇಲಿನ ಗರಿಷ್ಠ ಎತ್ತರದ ಗುರುತು ಮೀರಿ ಎತ್ತಿದರೆ, ಭಾರವೆಲ್ಲ ಪೈಪಿನ ಮೇಲಿನ ಅಂಚಿಗೆ ಬೀಳುತ್ತದೆ. ಬಿಗಿಮಾಡುವ ಸೀಳಿನ ತಳದಿಂದ ಬಿರುಕು ಹೊರಡುತ್ತದೆ. ತೆಳ್ಳನೆ ಪೋಸ್ಟ್ ಹಾಕಿ ತಗಡು ತುರುಕಿದ್ದರೂ ಇದೇ ಗತಿ. 26.8 ಮಿ.ಮೀ. ಪೋಸ್ಟಿನ ಜಾಗಕ್ಕೆ 26.4ರದ್ದು ಹಾಕಿದರೆ ಕ್ಲಾಂಪನ್ನು ಎಷ್ಟು ಬಿಗಿದರೂ ಪೋಸ್ಟು ಆಡುತ್ತದೆ, ಇನ್ನಷ್ಟು ಬಿಗಿಯುತ್ತಾರೆ, ಪೈಪು ಸೀಳುತ್ತದೆ.

ರಿಪೇರಿಗೆ ಸುತ್ತಲೂ 4 ಸೆಂ.ಮೀ. ಪೇಂಟ್ ತೆಗೆದು ಲೋಹ ಹೊಳೆಯುವಂತೆ ಮಾಡಿ. ಬಿರುಕು ತೋರಿಸುವ ಡೈ ಪೆನಿಟ್ರಂಟ್ ಕಿಟ್ಟಿನ ಕೆಂಪು ದ್ರವ ಹಚ್ಚಿ 10 ನಿಮಿಷ ಬಿಟ್ಟು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸಿ. ಕೆಂಪು ಗೆರೆ ಕಣ್ಣಿಗೆ ಕಂಡ ಬಿರುಕಿಗಿಂತ ಸಾಮಾನ್ಯವಾಗಿ ಕೆಲವು ಮಿ.ಮೀ. ಮುಂದೆ ಹೋಗಿರುತ್ತದೆ. ನಿಜವಾದ ತುದಿ ಅದೇ. ಅಲ್ಲಿ 3 ಮಿ.ಮೀ. ತೂತು ಕೊರೆದರೆ ಬಿರುಕು ನಿಲ್ಲುತ್ತದೆ. ಆಮೇಲೆ ಬೆಸುಗೆ. ಗೇಟು, ಗ್ರಿಲ್ಲು ಮಾಡುವ ಆರ್ಕ್ ವೆಲ್ಡಿಂಗ್ ಖಂಡಿತ ಬೇಡ, ಅಷ್ಟು ತೆಳು ಪೈಪು ತೂತಾಗುತ್ತದೆ. ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ತುದಿ, ಆರ್ಗಾನ್ ಗ್ಯಾಸಿನಲ್ಲಿ ಮಾಡುವ ನಾಜೂಕು ಬೆಸುಗೆ) ಅಥವಾ ಗ್ಯಾಸ್ ಇಟ್ಟು ಹಿತ್ತಾಳೆ ಬೆಸುಗೆ, ಎರಡರಲ್ಲಿ ಒಂದು. ಮೊದಲು ಯಾರೋ ಹಿತ್ತಾಳೆ ಹಾಕಿದ್ದ ಜಾಗಕ್ಕೆ ಟಿಗ್ ಮಾಡಿಸಬೇಡಿ. ಉಳಿದ ಹಿತ್ತಾಳೆ ಸ್ಟೀಲಿನೊಳಗೆ ಇಳಿದು ಬೆಸುಗೆಯೇ ಬಿರಿಯುತ್ತದೆ. ಹಿತ್ತಾಳೆಗೆ ಸುಮಾರು 900 ಡಿಗ್ರಿ ಸೆಲ್ಸಿಯಸ್ ಬೇಕು, ಬೆಳ್ಳಿ ಬೆಸುಗೆಗೆ ಸುಮಾರು 650-700 ಸಾಕು. ಹಾಗಾಗಿ ಹೊರಗಿನಿಂದ 1 ಮಿ.ಮೀ. ದಪ್ಪದ ಸ್ಟೀಲ್ ಪಟ್ಟಿ ಸುತ್ತಿಸಿ ಬೆಳ್ಳಿಯಲ್ಲಿ ಕೂಡಿಸುವುದು ನಮಗೆ ಹೆಚ್ಚು ಒಪ್ಪಿಗೆಯಾದ ದಾರಿ. ಬೆಳ್ಳಿ ಹರಿಯಲು ಪಟ್ಟಿಗೂ ಪೈಪಿಗೂ ನಡುವೆ 0.1 ಮಿ.ಮೀ. ಸಂದು ಇದ್ದರೆ ಸಾಕು. ಅದಕ್ಕಿಂತ ಬಹಳ ಹೆಚ್ಚಾದರೆ ಸರಿಯಾಗಿ ತುಂಬುವುದಿಲ್ಲ. ಕೆಂಪಗಾದ ಕ್ರೋಮೋಲಿಗೆ ನೀರು ಹುಯ್ಯಬಾರದು, ಗಾಜಿನಂತೆ ಬಿರುಸಾಗುತ್ತದೆ, ಗಾಳಿಯಲ್ಲೇ ಆರಲಿ. ಬೆಸುಗೆಗೆ ಹಚ್ಚಿದ ಫ್ಲಕ್ಸ್ (ಲೋಹ ಶುಚಿಯಾಗಿಡುವ ಪೇಸ್ಟು) ಬಿಸಿನೀರಿನಲ್ಲಿ ಕರಗುತ್ತದೆ. ಕಾಯಿಸಿದ ಪೈಪು ಒಳಗೆ ಸ್ವಲ್ಪ ಸೊಟ್ಟಾಗುವುದರಿಂದ ರೀಮರ್ (ಪೈಪಿನ ಒಳಬದಿ ಕೆರೆದು ದುಂಡಾಗಿಸುವ ಸಾಧನ) ಹಾಕಿ, ಸರಿಯಾದ ಅಳತೆಯ ಪೋಸ್ಟನ್ನು ಮೇಲಿನ ಪೈಪಿನ ಕೂಡಿಕೆ ದಾಟಿ ಕೆಳಗಿಳಿಯುವಷ್ಟು ಒಳಗೆ ಬಿಡಿ.

ಪೋಸ್ಟೇ ಹೊರಗೆ ಬರದಿದ್ದರೆ? ಅಲ್ಯುಮಿನಿಯಂ ಪೋಸ್ಟು, ಸ್ಟೀಲ್ ಪೈಪು, ನಡುವೆ ಮಳೆನೀರು: ಕಿಲುಬು ಎರಡನ್ನೂ ಕಚ್ಚಿಸಿಬಿಡುತ್ತದೆ. ಫ್ರೇಮ್ ತಲೆಕೆಳಗೆ ಮಾಡಿ, ಪೆಡಲ್ ಬೇರಿಂಗಿನ ಗೂಡಿನ ಕಡೆಯಿಂದ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಎರಡು ಮೂರು ದಿನ ಕಾಯಿರಿ. ಆಗಲೂ ಬರದಿದ್ದರೆ ಪೋಸ್ಟಿನ ತಲೆ ಕತ್ತರಿಸಿ, ಒಳಗಿನಿಂದ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, ಒಳಕ್ಕೆ ಮಡಚಿ ಎಳೆಯಿರಿ. ಪೋಸ್ಟನ್ನು ವೈಸಿಗೆ ಹಾಕಿ ಫ್ರೇಮನ್ನೇ ಬಲವಾಗಿ ತಿರುಗಿಸುವವರು ಕೂಡಿಕೆಗಳನ್ನು ತಿರುಚುತ್ತಾರೆ. ಆಗ ಇದ್ದ ಒಂದು ಸಮಸ್ಯೆ ಎರಡಾಗುತ್ತದೆ.

ಬೇರಿಂಗ್ ಗೂಡಿನ ಬಲಗಡೆ, ಅಂದರೆ ಚೈನಿನ ಕಡೆ, ಉಲ್ಟಾ ಥ್ರೆಡ್ಡು. ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಗೂಡಿನ ಅಡಿಯಲ್ಲಿ ನೀರಿಳಿಯುವ ತೂತು ಇಲ್ಲದಿದ್ದರೆ 4 ಮಿ.ಮೀ.ನದು ಒಂದು ಕೊರೆಯಿರಿ, ಮಲೆನಾಡು ಕರಾವಳಿಯ ಸೈಕಲ್ಲಿಗೆ ಇದು ಬೇಕೇ ಬೇಕು. ಪೇಂಟ್ ಕೊನೆಗೆ. ಪೌಡರ್ ಕೋಟಿಂಗ್ ಸುಮಾರು 200 ಡಿಗ್ರಿಯಲ್ಲಿ ಬೇಯುವುದರಿಂದ ನೆಗ್ಗಿಗೆ ಮೆತ್ತಿದ ಸಾಮಾನ್ಯ ಪುಟ್ಟಿ ಅಲ್ಲಿ ನಿಲ್ಲುವುದಿಲ್ಲ. ಎಪಾಕ್ಸಿ ಪ್ರೈಮರ್ ಮೇಲೆ ಸ್ಪ್ರೇ ಪೇಂಟೇ ಸರಿ. ಥ್ರೆಡ್ಡುಗಳಿಗೆ ಟೇಪ್ ಅಂಟಿಸಿ.

ಈಗ ಪಾರ್ಟ್ಸ್ ಕೊಳ್ಳಬಹುದು. ಚಕ್ರ 26 ಇಂಚಿನದು ಅಂತ ಅಂಗಡಿಯಲ್ಲಿ ಹೇಳಿದರೆ ಸಾಲದು, ಟಯರಿನ ಮೇಲೆ 559 (ಟಯರು ರಿಮ್ಮಿನಲ್ಲಿ ಕೂರುವ ಜಾಗದ ವ್ಯಾಸ, ಮಿ.ಮೀ.ನಲ್ಲಿ) ಅಂತ ಇರಬೇಕು; ಮಾಮೂಲಿ 26 × 1⅜ ಟಯರು 590, ಅದು ಕೂರುವುದಿಲ್ಲ. ಹಳೇ ಕ್ಯಾಂಟಿಲಿವರ್ ಬ್ರೇಕ್ (ಕೇಬಲ್ ನಡುವೆ ಮೇಲಕ್ಕೆ ಎಳೆಯುವುದು) ತೆಗೆದು ವಿ ಬ್ರೇಕ್ (ಉದ್ದ ತೋಳಿನದು, ಕೇಬಲ್ ಅಡ್ಡಕ್ಕೆ ಎಳೆಯುವುದು) ಹಾಕುವುದಾದರೆ ಲಿವರನ್ನೂ ಬದಲಾಯಿಸಿ. ಹಳೇ ಲಿವರ್ ಕೇಬಲನ್ನು ಕಡಿಮೆ ಎಳೆಯುತ್ತದೆ, ರಬ್ಬರು ರಿಮ್ಮಿಗೆ ಮುಟ್ಟುವ ಮೊದಲೇ ಲಿವರ್ ಹ್ಯಾಂಡಲಿಗೆ ತಾಗಬಹುದು. ಕ್ರ್ಯಾಂಕ್ ಬೋಲ್ಟುಗಳನ್ನು 35ರಿಂದ 50 ನ್ಯೂಟನ್ ಮೀಟರಿಗೆ ಬಿಗಿಮಾಡಿ, ಮೊದಲ ಸವಾರಿ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. ಅದೇ ಹೊತ್ತಿಗೆ ಸೀಟ್ ಪೈಪಿನ ಬೆಸುಗೆಯನ್ನೂ ಒರೆಸಿ ಟಾರ್ಚ್ ಹಿಡಿದು ನೋಡಿ. ಪೇಂಟಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಸವಾರಿ ನಿಲ್ಲಿಸಿ, ಮತ್ತೆ ಡೈ ಹಚ್ಚಿ.