ಶನಿವಾರದ 84,000

ನವೆಂಬರ್ 17, 2025, ಸೋಮವಾರ. ಮೈಸೂರು.

ಅಪ್ಪನ ಆಪರೇಷನ್ ಆಗಿ ಇವತ್ತಿಗೆ ಐದು ದಿನ. ಗಡ್ಡೆ ಇದ್ದ ಲಿವರ್‌ನ ಬಲಭಾಗವನ್ನು ಪೂರ್ತಿ ತೆಗೆದಿದ್ದಾರೆ. ಬೆಳಿಗ್ಗೆ ರಿಪೋರ್ಟ್ ಬಂತು. ಪ್ಲೇಟ್‌ಲೆಟ್ 1,12,000. ಕಾರಿಡಾರಿನಲ್ಲೇ ನಿಂತು ಎರಡು ಸಲ ಸೊನ್ನೆ ಎಣಿಸಿದೆ.

ಆಪರೇಷನ್‌ಗೆ ಮುಂಚೆ 1,90,000 ಇತ್ತು. ಮಾರನೇ ದಿನ 1,28,000. ಶನಿವಾರ 84,000. ಅವತ್ತು ನಮ್ಮ ಕೈಕಾಲೇ ಆಡಲಿಲ್ಲ. ನಮಗೆ ಪ್ಲೇಟ್‌ಲೆಟ್ ಅಂದರೆ ಡೆಂಗಿ, ಅಷ್ಟೇ ಅಲ್ವಾ? ಚಿಕ್ಕಮ್ಮ ಮಂಡ್ಯದಿಂದ ಬಸ್ಸು ಹತ್ತಿ ಬಂದೇಬಿಟ್ಟರು. ಬ್ಯಾಗಿನಲ್ಲಿ ಒಂದು ಬಾಟಲಿ ಪರಂಗಿ ಎಲೆ ರಸ. "ಕುಡ್ಸು ಮಗ, ರಾತ್ರಿಗೇ ಏರ್ತದೆ."

ಡಾಕ್ಟರು ಬೇಡವೇ ಬೇಡ ಅಂದರು. ಉಳಿದಿರುವ ಚೂರು ಲಿವರ್ ಇಡೀ ಮೈ ಕೆಲಸ ನೋಡ್ತಿದೆ, ಅದರ ಮೇಲೆ ಇನ್ನೊಂದು ಹೊರೆ ಯಾಕೆ ಅಂತ. ಚಿಕ್ಕಮ್ಮನಿಗೆ ಸಿಟ್ಟು ಬಂತು. ಬಾಟಲಿ ಮಾತ್ರ ಎಸೆಯಲಿಲ್ಲ.

ಇದು ಡೆಂಗಿ ಕಥೆ ಅಲ್ಲ ಅಂತ ನನಗೆ ಅರ್ಥವಾಗಿದ್ದು ಆಮೇಲೆ. ಆಪರೇಷನ್‌ನಲ್ಲಿ ರಕ್ತ ಹೋಗುತ್ತೆ, ಡ್ರಿಪ್ ಹಾಕಿ ಹಾಕಿ ಇರೋದೂ ತೆಳುವಾಗುತ್ತೆ. ಗಾಯದ ಹತ್ತಿರ ಒಂದಷ್ಟು ಖರ್ಚು. ಇನ್ನು, ಪ್ಲೇಟ್‌ಲೆಟ್ ತಯಾರಿಸು ಅಂತ ಮೂಳೆ ಮಜ್ಜೆಗೆ ಹೇಳಿ ಕಳಿಸುವ ಥ್ರಾಂಬೊಪೊಯೆಟಿನ್ ಹೆಚ್ಚಾಗಿ ತಯಾರಾಗೋದೇ ಲಿವರ್‌ನಲ್ಲಿ! ಹಾಗಾಗಿ ಮೂರು-ನಾಲ್ಕು ದಿನ ಇಳಿದು ಆಮೇಲೆ ಹತ್ತೋದು ಸಾಮಾನ್ಯವಂತೆ. ರಕ್ತಸ್ರಾವ ಇರಲಿಲ್ಲ, ಅದಕ್ಕೇ ಹೊರಗಿನಿಂದ ಪ್ಲೇಟ್‌ಲೆಟ್ ಹಾಕಲಿಲ್ಲ. ನಾವು ಒಂದೇ ನಂಬರ್ ಹಿಡಿದು ಕೂತಿದ್ದೆವು. ಡಾಕ್ಟರು ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತೆ ಅನ್ನೋ ಅಳತೆ) ಎರಡನ್ನೂ ಜೊತೆಗಿಟ್ಟು ಲಿವರ್ ಹೇಗೆ ಕೆಲಸ ಮಾಡ್ತಿದೆ ಅಂತ ನೋಡುತ್ತಿದ್ದರು.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ವಿಷಯ. ಪ್ಲೇಟ್‌ಲೆಟ್ ಬರೀ ರಕ್ತ ಹೆಪ್ಪುಗಟ್ಟಿಸೋಕೆ ಅಲ್ಲ. ಅದರೊಳಗಿನ ಸೆರೊಟೋನಿನ್ ಅನ್ನೋ ರಾಸಾಯನಿಕ, ಕತ್ತರಿಸಿದ ಲಿವರ್ ಮತ್ತೆ ಬೆಳೆಯೋಕೂ ನೆರವಾಗುತ್ತೆ ಅಂತ 2006ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಗೊತ್ತಾಯಿತು. ಪ್ಲೇಟ್‌ಲೆಟ್ ಕಡಿಮೆ ಮಾಡಿದ ಇಲಿಗಳಲ್ಲಿ ಲಿವರ್ ಸರಿಯಾಗಿ ಬೆಳೆಯಲಿಲ್ಲ. ಲಿವರ್ ಇಲ್ಲದೆ ಪ್ಲೇಟ್‌ಲೆಟ್ ಇಲ್ಲ, ಪ್ಲೇಟ್‌ಲೆಟ್ ಇಲ್ಲದೆ ಲಿವರ್‌ಗೆ ಕಷ್ಟ. ಒಳ್ಳೆ ಅತ್ತೆ-ಸೊಸೆ ಜೋಡಿ.

ಲಿವರ್ ಮತ್ತೆ ಬೆಳೆಯುತ್ತೆ ಅಂದಾಗ ಅಪ್ಪ, "ಕೂಳೆ ಕಬ್ಬು ಬಂದಂಗಾ?" ಅಂದಿದ್ದರು. ಡಾಕ್ಟರು ನಕ್ಕು, ಕಡಿದ ಜಾಗದಲ್ಲಿ ಹೊಸದು ಚಿಗುರಲ್ಲ ಯಜಮಾನ್ರೇ, ಉಳಿದಿದ್ದೇ ದಪ್ಪ ಆಗುತ್ತೆ ಅಂದರು. ಅಪ್ಪನಿಗೆ ಸಮಾಧಾನ ಆದಂತೆ ಕಾಣಲಿಲ್ಲ.

ಇವತ್ತು ಅರ್ಧ ಇಡ್ಲಿ ತಿಂದರು. ಭತ್ತದ ಕುಯ್ಲಿಗೆ ಆಳು ಸಿಕ್ಕರಾ ಅಂತ ಕೇಳಿದರು. ನಾನು ಉತ್ತರ ಬಿಟ್ಟು, "ಅಪ್ಪಾ, ಒಂದು ಲಕ್ಷ ಹನ್ನೆರಡು ಸಾವಿರ!" ಅಂದೆ.

ಅಪ್ಪನ ಮುಖ ಇಳಿಯಿತು. "ಯಾತರದ್ದು, ಬಿಲ್ಲಾ?"