ಕಟ್ಟಿಗೆ ಡ್ಯೂಟಿ

ದಕ್ಷಿಣ ಸುಡಾನ್‌ನಲ್ಲಿ ಇದ್ದೆ ಅಂದ ಕೂಡಲೇ ಜನ ಗುಂಡಿನ ಚಕಮಕಿ ಬಗ್ಗೆ ಕೇಳುತ್ತಾರೆ. ನಾನು ಕಟ್ಟಿಗೆ ಬಗ್ಗೆ ಹೇಳಲು ಶುರು ಮಾಡುತ್ತೇನೆ. ಎರಡು ನಿಮಿಷದಲ್ಲಿ ಅವರ ಮುಖ ಸಪ್ಪೆಯಾಗುತ್ತದೆ. ಅದಕ್ಕೇ ಬರೆದು ಹಾಕುತ್ತಿದ್ದೇನೆ. ಓದುವವರು ನಡುವೆ ಎದ್ದು ಹೋದರೂ ನನಗೆ ಗೊತ್ತಾಗುವುದಿಲ್ಲವಲ್ಲ.

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆಂದು ಭಾರತದಿಂದ ಹೋದ ನಮ್ಮ ಬಟಾಲಿಯನ್ ಇದ್ದದ್ದು ಮಲಕಾಲ್‌ನಲ್ಲಿ, ಬಿಳಿ ನೈಲ್ ನದಿಯ ಪೂರ್ವ ದಡದಲ್ಲಿ. 2011ರ ಜುಲೈಯಲ್ಲಿ ದೇಶ ಸ್ವತಂತ್ರವಾಯಿತು, 2013ರ ಡಿಸೆಂಬರ್‌ಗೆಲ್ಲ ದೇಶದೊಳಗೇ ಯುದ್ಧ ಹೊತ್ತಿಕೊಂಡಿತು. ಮಲಕಾಲ್ ಇವತ್ತು ಒಬ್ಬರ ಕೈಯಲ್ಲಿ, ನಾಳೆ ಇನ್ನೊಬ್ಬರ ಕೈಯಲ್ಲಿ. ಓಡುವ ಜನಕ್ಕೆ ಕಂಡದ್ದು ವಿಶ್ವಸಂಸ್ಥೆಯ ಬೇಸ್ ಒಂದೇ. ಒಳಗೆ ಬಿಟ್ಟುಕೊಂಡರು. ಕೆಲವು ದಿನಗಳ ಮಟ್ಟಿಗೆ ಅಂದುಕೊಂಡದ್ದು ವರ್ಷಗಟ್ಟಲೆ ಉಳಿಯಿತು. ಅದಕ್ಕೆ ಪಿಓಸಿ ಅನ್ನುತ್ತಿದ್ದರು, ನಾಗರಿಕರ ರಕ್ಷಣಾ ಶಿಬಿರ. ನಾವು ಹೋದಾಗ 2018ರ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು ಆಗಿತ್ತು, ಆದರೂ ಶಿಬಿರದಲ್ಲಿ 20,000ಕ್ಕೂ ಹೆಚ್ಚು ಜನ. ಸಹಿ ಹಾಕಿದವರು ರಾಜಧಾನಿ ಜೂಬಾದಲ್ಲಿದ್ದರು. ಮನೆಗೆ ವಾಪಸ್ ಹೋಗಬಹುದೇ ಎಂದು ತೀರ್ಮಾನಿಸಬೇಕಾದವರು ಇಲ್ಲಿ ತಾಡಪಾಲಿನ ಕೆಳಗಿದ್ದರು.

ವಿಶ್ವ ಆಹಾರ ಕಾರ್ಯಕ್ರಮದವರು ಜೋಳ, ಬೇಳೆ, ಎಣ್ಣೆ ಕೊಡುತ್ತಿದ್ದರು. ಬೇಯಿಸಲು ಉರುವಲು ಬೇಕಲ್ಲ? ಶಿಬಿರದ ಸುತ್ತಮುತ್ತಲಿನ ಪೊದೆಯೆಲ್ಲ ಎಂದೋ ಬೋಳಾಗಿತ್ತು. ದೂರ ನಡೆಯಬೇಕು. ಗಂಡಸರು ಹೊರಗೆ ಹೋದರೆ ಎದುರು ಬಣದ ಹೋರಾಟಗಾರ ಎಂದು ಕೊಲ್ಲುವ ಭಯ, ಇಲ್ಲವೇ ಹಿಡಿದುಕೊಂಡು ಹೋಗಿ ಬಂದೂಕು ಕೊಡುವ ಭಯ. ಹೆಂಗಸರು ಹೋದರೆ ಅತ್ಯಾಚಾರದ ಭಯ. ಈ ಎರಡರಲ್ಲಿ ಯಾವುದನ್ನು ತಡೆದುಕೊಳ್ಳಬಹುದು ಎಂದು ಪ್ರತಿ ಮನೆಯಲ್ಲೂ ಲೆಕ್ಕ ಹಾಕಿ, ಹೆಂಗಸರೇ ಹೋಗುತ್ತಿದ್ದರು. ಆ ಲೆಕ್ಕವನ್ನು ಒಬ್ಬಾಕೆ ನನಗೆ ದುಭಾಷಿಯ ಮೂಲಕ ಹೇಳಿದಳು, ಸಂತೆ ಸಾಮಾನಿನ ಬೆಲೆ ಹೇಳುವಷ್ಟೇ ಸಲೀಸಾಗಿ. ನನ್ನ ಪಕ್ಕದಲ್ಲಿದ್ದ ಹುಡುಗ, ಹೊಸ ಸಿಪಾಯಿ, ಆಮೇಲೆ ಇಡೀ ದಾರಿ ಮಾತಾಡಲಿಲ್ಲ.

ಹಾಗಾಗಿ ನಮ್ಮ ಪ್ಲಟೂನಿಗೆ ಕಟ್ಟಿಗೆ ಡ್ಯೂಟಿ. ಕಾಗದದಲ್ಲಿ ಅದಕ್ಕೆ ದೊಡ್ಡ ಹೆಸರಿತ್ತು, ನಾವು ಹಾಗೇ ಕರೆಯುತ್ತಿದ್ದೆವು. ಎರಡು ಬಿಳಿ ಗಾಡಿ, ಒಂದು ಸೆಕ್ಷನ್ ಜವಾನರು, ವಿಶ್ವಸಂಸ್ಥೆಯ ಪೊಲೀಸ್ ದಳದ ಮಹಿಳಾ ಅಧಿಕಾರಿ ಸಿಕ್ಕ ದಿನ ಅವರೂ ಜೊತೆಗೆ. ಹೆಂಗಸರು ಮುಂದೆ, ನಾವು ಸ್ವಲ್ಪ ದೂರ ಬಿಟ್ಟು ಹಿಂದೆ. ಅವರು ಕಡಿಯುವಾಗ ನಾವು ಸುತ್ತ ನಿಲ್ಲುವುದು, ಅವರು ಹೊರೆ ಎತ್ತಿದ ಮೇಲೆ ಹಿಂತಿರುಗುವುದು. ನಾವಿದ್ದ ದಿನ ಏನೂ ಆಗುತ್ತಿರಲಿಲ್ಲ. ಈ ಕೆಲಸದಲ್ಲಿ ಹೇಳಿಕೊಳ್ಳಲು ಕಥೆ ಇಲ್ಲ ಅಂದರೆ ಕೆಲಸ ಸರಿಯಾಗಿ ಆಗಿದೆ ಎಂದರ್ಥ.

ತೊಡಕಿದ್ದದ್ದು ಹೊತ್ತಿನ ವಿಷಯದಲ್ಲಿ. ಸೈನ್ಯದಲ್ಲಿ ಮೊದಲ ದಿನದಿಂದ ಕಲಿಸುವುದು ಏನು? ದಿನಾ ಅದೇ ಹೊತ್ತು, ಅದೇ ದಾರಿ ಹಿಡಿಯಬೇಡ, ಹೊಂಚು ಹಾಕುವವನಿಗೆ ಅಷ್ಟು ಸಾಕು. ಇದು ಬರಿ ಪುಸ್ತಕದ ಮಾತಲ್ಲ. 2013ರ ಏಪ್ರಿಲ್‌ನಲ್ಲಿ ಇದೇ ದೇಶದ ಜೋಂಗ್ಲೇ ರಾಜ್ಯದಲ್ಲಿ, ಗುಮುರುಕ್ ಹತ್ತಿರ, ವಿಶ್ವಸಂಸ್ಥೆಯ ವಾಹನ ಸಾಲಿನ ಮೇಲೆ ಹೊಂಚುದಾಳಿ ನಡೆದು ನಮ್ಮ ದೇಶದ ಐವರು ಯೋಧರು ಸತ್ತಿದ್ದರು. ಅದೇ ಡಿಸೆಂಬರ್‌ನಲ್ಲಿ ಅಕೋಬೋದ ಬೇಸ್‌ಗೆ ಜನ ನುಗ್ಗಿದಾಗ ಇನ್ನಿಬ್ಬರು. ಆದ್ದರಿಂದ ಹೊತ್ತು ಬದಲಾಯಿಸುವುದು ನಮ್ಮ ಜೀವದ ಪ್ರಶ್ನೆ. ಆದರೆ ಹೆಂಗಸರ ಕಡೆಯಿಂದ ನೋಡಿ. ಇವತ್ತು ಆರಕ್ಕೆ, ನಾಳೆ ಒಂಬತ್ತಕ್ಕೆ, ನಾಡಿದ್ದು ಬರುತ್ತೇವೋ ಇಲ್ಲವೋ ಅನ್ನುವ ಕಾವಲು ಯಾರಿಗೆ ಬೇಕು? ಮಕ್ಕಳಿಗೆ ಗಂಜಿ ಬೇಯಬೇಕು, ನೀರಿನ ಸರದಿ ಹಿಡಿಯಬೇಕು, ಬಿಸಿಲೇರುವ ಮುಂಚೆ ವಾಪಸ್ ಬರಬೇಕು. ಗಾಡಿ ಕಾಣದಿದ್ದರೆ ಅವರು ಕಾಯುತ್ತಿರಲಿಲ್ಲ, ಹೊರಟೇ ಬಿಡುತ್ತಿದ್ದರು. ಅಂದರೆ ನಮ್ಮ ಸುರಕ್ಷತೆಗೆ ಹೊತ್ತು ಬದಲಾಗಬೇಕು, ಅವರ ಸುರಕ್ಷತೆಗೆ ಹೊತ್ತು ಬದಲಾಗಬಾರದು.

ಇದರ ಮೇಲೆ ನಮ್ಮಲ್ಲಿ ಜೋರಾಗಿಯೇ ಚರ್ಚೆಯಾಯಿತು. ಕಂಪನಿ ಕಮಾಂಡರ್ ಸಾಹೇಬರು ಕೊನೆಗೆ ಒಂದು ದಾರಿ ಹುಡುಕಿದರು. ಗೇಟಿನಿಂದ ಹೊರಡುವ ಹೊತ್ತು ಏಳು, ಅದು ಕಲ್ಲಿನ ಮೇಲೆ ಬರೆದಂತೆ. ಅದಕ್ಕಿಂತ ಮೊದಲೇ ಇನ್ನೊಂದು ಗಾಡಿ ಬೇರೆ ಬೇರೆ ದಾರಿಯಲ್ಲಿ ಹೋಗಿ ತಿರುವುಗಳನ್ನು ನೋಡಿಕೊಂಡು ಬರಬೇಕು, ಅದರ ಹೊತ್ತು ಯಾರಿಗೂ ಹೇಳಬಾರದು. ಹೆಚ್ಚಿನ ಜವಾನರು ಬೇಕಾದರು, ಡೀಸೆಲ್ ಬೇಕಾಯಿತು, ನಿದ್ದೆ ಕಡಿಮೆಯಾಯಿತು. ನಡೆಯಿತು.

ಹೆಂಗಸರು ನಮ್ಮನ್ನು ತಕ್ಷಣ ನಂಬಿದರು ಅಂದುಕೊಳ್ಳಬೇಡಿ. ಅವರಿಗೆ 2016ರ ಫೆಬ್ರವರಿ ನೆನಪಿತ್ತು. ಬಂದೂಕು ಹಿಡಿದವರು ಶಿಬಿರದೊಳಗೇ ನುಗ್ಗಿ, ಗುಡಿಸಲುಗಳಿಗೆ ಬೆಂಕಿ ಇಟ್ಟು, ಕನಿಷ್ಠ 30 ಜನ ಸತ್ತ ಎರಡು ದಿನ. ನೀಲಿ ಹೆಲ್ಮೆಟ್ ತೊಟ್ಟವರು ಬೇಗ ಎದುರು ನಿಲ್ಲಲಿಲ್ಲ ಎಂದು ವಿಶ್ವಸಂಸ್ಥೆಯ ತನಿಖೆಯೇ ಒಪ್ಪಿಕೊಂಡಿತು. ಆಗ ನಾವಿರಲಿಲ್ಲ ಅನ್ನುವುದು ನಮ್ಮ ಲೆಕ್ಕ. ಅವರಿಗೆ ಕಾಣುವುದು ಅದೇ ಹೆಲ್ಮೆಟ್ಟು, ಅದೇ ಬಿಳಿ ಗಾಡಿ. ನಾಗರಿಕರ ಜೀವಕ್ಕೆ ಅಪಾಯ ಬಂದರೆ ಗುಂಡು ಹಾರಿಸುವ ಅಧಿಕಾರ ನಮಗೆ ಭದ್ರತಾ ಮಂಡಳಿ ಕೊಟ್ಟಿತ್ತು. ಅಧಿಕಾರ ಇದೆ ಅನ್ನುವುದನ್ನು ಭಾಷಣದಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಏಳು ಗಂಟೆ ಅಂದರೆ ಏಳು ಗಂಟೆಗೆ ಬಂದು ನಿಂತರೆ ಸ್ವಲ್ಪ ನಂಬುತ್ತಾರೆ.

ಇನ್ನು ನಾಕಾಬಂದಿ. ವಿಶ್ವಸಂಸ್ಥೆಗೂ ಅಲ್ಲಿನ ಸರ್ಕಾರಕ್ಕೂ ಆದ ಒಪ್ಪಂದದ ಪ್ರಕಾರ ನಾವು ಎಲ್ಲಿ ಬೇಕಾದರೂ ಓಡಾಡಬಹುದು. ಒಂದು ಹಗ್ಗ, ಎರಡು ಡ್ರಮ್ಮು, ಮರದ ನೆರಳಲ್ಲಿ ಕುರ್ಚಿ ಹಾಕಿಕೊಂಡು ಕೂತ ನಾಲ್ಕು ಜನ ಆ ಒಪ್ಪಂದವನ್ನು ಓದಿರುವುದಿಲ್ಲ. ಪರವಾನಗಿ ತೋರಿಸು ಅನ್ನುತ್ತಾರೆ, ತೋರಿಸಿದರೆ ಸೀಲು ಬೇರೆ ಅನ್ನುತ್ತಾರೆ, ಕೊನೆಗೆ 'ಬುಕ್ರಾ', ನಾಳೆ ಬಾ. ಅಲ್ಲಿ ಕೂಗಾಡಿದರೆ ಕೆಟ್ಟೆವು. ಇಳಿದು, ಹೆಲ್ಮೆಟ್ ತೆಗೆದು, ಯಜಮಾನನ ಯೋಗಕ್ಷೇಮ ಕೇಳಿ, ಬಿಸಿಲಲ್ಲಿ ನಿಂತು, ಮತ್ತೆ ಅದೇ ಮಾತು. ದುಭಾಷಿಯೂ ನೋಡಿ ಕರೆದುಕೊಂಡು ಹೋಗಬೇಕು. ಶಿಬಿರದಲ್ಲಿ ಹೆಚ್ಚಿನವರು ಶಿಲ್ಲುಕ್ ಮತ್ತು ನೂಯೆರ್ ಬುಡಕಟ್ಟಿನ ಜನ, ಪಟ್ಟಣದ ಕಡೆ ಡಿಂಕಾ. ಒಂದು ಕಡೆ ಬಾಗಿಲು ತೆಗೆಸುವ ಮನುಷ್ಯನನ್ನು ಇನ್ನೊಂದು ಕಡೆ ಗಾಡಿಯಿಂದ ಇಳಿಸುವಂತೆಯೇ ಇಲ್ಲ. ನಮ್ಮ ಅಧಿಕಾರಿಗಳು ನಕ್ಷೆಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಗುರುತು ಹಾಕುವಾಗ ನನಗೆ ನಗು ಬರುತ್ತಿತ್ತು. ದೂರವನ್ನು ಅಲ್ಲಿ ಹಗ್ಗಗಳಲ್ಲಿ ಅಳೆಯಬೇಕು.

ಮಳೆಗಾಲದಲ್ಲಿ ಆ ನಗುವೂ ನಿಲ್ಲುತ್ತಿತ್ತು. ಎಲ್ಲಾ ಎರೆಮಣ್ಣು. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ, ಸೊಬಾತ್ ನದಿಗುಂಟ ಬಾಲಿಯೆಟ್ ಕಡೆ ಹೋಗುವ ದಾರಿ ದಾರಿಯಾಗಿ ಉಳಿಯುತ್ತಿರಲಿಲ್ಲ. ಚಕ್ರ ಹೂತು, ವಿಂಚ್ ಹಾಕಿ, ಎಳೆದ ಗಾಡಿಯೂ ಹೂತು. ಇಷ್ಟು ಸಾಕು ಇದರ ಬಗ್ಗೆ.

ಎಲ್ಲಕ್ಕಿಂತ ಹೆಚ್ಚು ಬಾಗಿಲು ತೆಗೆಸಿದ್ದು ನಮ್ಮ ಪಶುವೈದ್ಯರು. ಇದನ್ನು ಕಾಲಾಳು ಪಡೆಯವನಾಗಿ ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವೇ. ಭಾರತದ ತುಕಡಿ ಅಲ್ಲಿಗೆ ಪಶುವೈದ್ಯರನ್ನೂ ಕರೆದೊಯ್ಯುತ್ತದೆ, ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿ ದನ ಅಂದರೆ ವಧುದಕ್ಷಿಣೆ, ಕೊಲೆಗೆ ಪರಿಹಾರ, ಬ್ಯಾಂಕು, ಮಾನ, ಎಲ್ಲವೂ. ಮಂದೆ ಕದ್ದರೆ ಸೇಡು, ಸೇಡಿಗೆ ಮತ್ತೆ ಬಂದೂಕು. ದೊಡ್ಡ ಯುದ್ಧ ನಿಂತ ಮೇಲೂ ಜನ ಸಾಯುತ್ತಿದ್ದದ್ದು ಬಹುಪಾಲು ಇದರಿಂದಲೇ.

ದನದ ಬಿಡಾರಕ್ಕೆ ಮುಂಜಾನೆ ಹೋದರೆ ಸಗಣಿಯ ಹೊಗೆ ಇನ್ನೂ ಏಳುತ್ತಿರುತ್ತದೆ, ಸೊಳ್ಳೆಗೆಂದು ರಾತ್ರಿಯಿಡೀ ಸುಟ್ಟದ್ದು. ಬೂದಿ ಮೈಗೆ ಬಳಿದುಕೊಂಡ ಹುಡುಗರು, ಉದ್ದ ಕೊಂಬಿನ ದನಗಳು, ಹೆಗಲಲ್ಲಿ ಕಲಾಶ್ನಿಕೋವ್. ಮೊದಲ ಸಲ ಕ್ಯಾಂಪ್ ಹಾಕಿದಾಗ ಒಬ್ಬ ಹಿರಿಯ ಬೇಕೆಂದೇ ಅತ್ಯಂತ ಕೆಟ್ಟ ಸ್ಥಿತಿಯಲ್ಲಿದ್ದ ಹಸು ತಂದು ನಿಲ್ಲಿಸಿದ. ಸತ್ತರೆ ಸಾಯಲಿ, ಇವರ ಯೋಗ್ಯತೆ ಗೊತ್ತಾಗಲಿ ಅನ್ನುವ ಲೆಕ್ಕ. ನಮ್ಮ ಡಾಕ್ಟರ್ ಸಾಹೇಬರು ಕೆಸರಲ್ಲಿ ಮಂಡಿಯೂರಿ, ಕೆಚ್ಚಲಿನ ಕೀವು ತೆಗೆದು, ಇಂಜೆಕ್ಷನ್ ಕೊಟ್ಟು, 'ಮೂರು ದಿನ ಬಿಟ್ಟು ಬರುತ್ತೇನೆ' ಅಂದರು. ಹೋದರು ಕೂಡ. ಅಂದಿನಿಂದ ಉಣ್ಣೆ ಹುಳಕ್ಕೆ, ಜಂತುಹುಳಕ್ಕೆ, ಗಾಯಕ್ಕೆ ಸಾಲು. ಸಾಲಲ್ಲಿ ನಿಂತವರು ಬಂದೂಕನ್ನು ಮರಕ್ಕೆ ಒರಗಿಸಿ ಬರಬೇಕು ಎಂಬ ನಿಯಮ ಮಾಡಿದ್ದು ನಾವಲ್ಲ, ಅದೇ ಹಿರಿಯ.

ನಮಗೆ ಸುದ್ದಿ ಸಿಗುತ್ತಿದ್ದದ್ದು ಅಲ್ಲಿ. ಯಾವ ಮಂದೆ ಕಾಲಕ್ಕೆ ಮೊದಲೇ ಜಾಗ ಬಿಟ್ಟಿತು, ಯಾವ ಹಳ್ಳಿಯ ಹುಡುಗರು ನಾಲ್ಕು ದಿನದಿಂದ ಕಾಣುತ್ತಿಲ್ಲ, ಸಂತೆಗೆ ಜೋಳ ತರುವ ಹೆಂಗಸರು ಯಾಕೆ ಬರಲಿಲ್ಲ. ನನ್ನ ವರದಿಗಳಲ್ಲಿ ಜೋಳದ ಬೆಲೆ ಬರೆಯುತ್ತಿದ್ದೆ. ಮೇಲಿನವರೊಬ್ಬರು, 'ಸುಬೇದಾರ್ ಸಾಬ್, ನೀವು ಅಂಗಡಿ ಇಡ್ತೀರಾ?' ಎಂದು ತಮಾಷೆ ಮಾಡಿದ್ದರು. ಬೆಲೆ ಇದ್ದಕ್ಕಿದ್ದಂತೆ ಏರಿ, ಹಿಂದೆಯೇ ಒಂದು ಹಳ್ಳಿ ಖಾಲಿಯಾದ ಮೇಲೆ ಅವರೇ ಬೆಲೆ ಕೇಳಿ ಫೋನ್ ಮಾಡತೊಡಗಿದರು.

ನನಗೆ ಈಗಲೂ ಒಪ್ಪಿಗೆಯಾಗದ ಸಂಗತಿ ಒಂದಿದೆ. ತುಕಡಿಗಳು ಬದಲಾಗುತ್ತಲೇ ಇರುತ್ತವೆ. ಮುಖ ಪರಿಚಯವಾಗುವ ಹೊತ್ತಿಗೆ ವಿಮಾನ ಬಂದು ನಿಂತಿರುತ್ತದೆ. ಹೊಸಬರಿಗೆ ನಾವು ಒಪ್ಪಿಸುವುದು ಗಾಡಿಗಳ ಪಟ್ಟಿ, ಮದ್ದುಗುಂಡಿನ ಪಟ್ಟಿ, ನಕ್ಷೆ. ಹಗ್ಗದ ಬಳಿ ಕೂರುವ ಯಜಮಾನನಿಗೆ ಕಿವಿ ಮಂದ, ಎಡಗಡೆಯಿಂದ ಮಾತಾಡಬೇಕು ಅನ್ನುವುದಕ್ಕೆ ಯಾವ ಫಾರಂನಲ್ಲೂ ಕಾಲಂ ಇಲ್ಲ. ನಾನು ಒಂದು ನೋಟ್‌ಬುಕ್ ತುಂಬಾ ಬರೆದು, ನನ್ನ ಜಾಗಕ್ಕೆ ಬಂದ ಸುಬೇದಾರರಿಗೆ ಕೊಟ್ಟೆ. ಒಳ್ಳೆಯ ಮನುಷ್ಯ, ಕಾಶ್ಮೀರದಲ್ಲಿ ಬಹಳ ವರ್ಷ ಕಳೆದವರು. ಪುಟ ತಿರುಗಿಸುತ್ತಾ ನಿಂತರು.

'ದಿನಾ ಏಳಕ್ಕೇ ಹೊರಡೋದಾ? ಇದು ತಪ್ಪಲ್ವಾ ಸಾಬ್?' ಅಂದರು.

'ತಪ್ಪೇ,' ಅಂದೆ. 'ಬದಲಾಯಿಸಬೇಕು ಅನ್ನಿಸಿದರೆ ನಾಳೆ ಗೇಟಿನ ಹತ್ತಿರ ಹೋಗಿ ಆ ಹೆಂಗಸರನ್ನ ಕೇಳಿ. ದುಭಾಷಿನ ಜೊತೆಗೆ ಕರ್ಕೊಂಡು ಹೋಗಿ, ಅವರು ತುಂಬಾ ಬೈತಾರೆ.'