ಮ್ಯಾಲೆ ದುರ್ಬೀನ್ ಇಟ್ಟಾರಲ್ಲ, ನೀವು ಕೆಳಗ ಕುಂತು ಏನ್ ನೋಡ್ತೀರಿ?

ಬೇಸಿಗೆಯಲ್ಲಿ ಕಲಬುರಗಿಗೆ ಬಂದಾಗಲೆಲ್ಲ ಈ ಪ್ರಶ್ನೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಮೊದಲು ಕೇಳಿದವರು ನಮ್ಮ ಕಾಕಾ. "ತಮ್ಮಾ, ಅಮೆರಿಕಾದವ್ರು ಆಕಾಶದಾಗೇ ದುರ್ಬೀನ್ ಬಿಟ್ಟಾರಂತ. ಮತ್ತ ನೀವು ಭೂಮಿ ಮ್ಯಾಲಿನ ದುರ್ಬೀನ್ ಹಿಡ್ಕೊಂಡು ಯಾಕ ಒದ್ದಾಡ್ತೀರಿ?"

ನನ್ನ ಸಂಶೋಧನೆ ಅಡಾಪ್ಟಿವ್ ಆಪ್ಟಿಕ್ಸ್‌ನಲ್ಲಿ. ದೂರದರ್ಶಕಕ್ಕೆ ಬರುವ ಬೆಳಕನ್ನು ಗಾಳಿ ಕೆಡಿಸುತ್ತದೆ, ಅದನ್ನು ಸರಿಪಡಿಸುವ ಉಪಕರಣಗಳ ಕೆಲಸ. ಕಾಕಾಗೆ ಉತ್ತರ ಹೇಳಿದ್ದು ಅಡುಗೆಮನೆಯಲ್ಲಿ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಕಾದ ಹಂಚಿನ ಮೇಲಿಂದ ಆಚೆ ಗೋಡೆಯ ಕ್ಯಾಲೆಂಡರ್ ನೋಡ್ರಿ ಅಂದೆ. ತಾರೀಖಿನ ಅಂಕಿಗಳು ನೀರೊಳಗೆ ಇದ್ದಂತೆ ನಡುಗುತ್ತಿದ್ದವು. ನಡುಗುವುದು ಕ್ಯಾಲೆಂಡರ್ ಅಲ್ಲ. ಬಿಸಿ ಗಾಳಿಯೂ ತಂಪು ಗಾಳಿಯೂ ಕಲೆಯುವಲ್ಲಿ ಬೆಳಕು ಅತ್ತಿತ್ತ ಬಾಗುತ್ತದೆ. ನಕ್ಷತ್ರ ಮಿನುಗುವುದೂ ಹೀಗೆಯೇ. ಈ ನಡುಕದಿಂದಾಗಿ 10 ಮೀಟರ್ ಕನ್ನಡಿಯ ದೂರದರ್ಶಕವೂ, ಬೆಳಕನ್ನು ಬೇಕಾದಷ್ಟು ಹಿಡಿದರೂ, 10-20 ಸೆಂಟಿಮೀಟರ್ ದೂರದರ್ಶಕ ತೋರಿಸುವಷ್ಟೇ ಸೂಕ್ಷ್ಮ ವಿವರ ತೋರಿಸುತ್ತದೆ.

"ಅದಕ್ಕೇ ಮ್ಯಾಲೆ ಕಳಿಸ್ಯಾರ" ಅಂದರು ಕಾಕಾ. ಹೌದು. ಆದರೆ ಮೇಲೆ ಕಳಿಸುವುದಕ್ಕೆ ಮಿತಿ ಇದೆ. ಆಕಾಶದಲ್ಲಿರುವ ಹಬಲ್ ದೂರದರ್ಶಕದ ಕನ್ನಡಿ 2.4 ಮೀಟರ್. 2021ರಲ್ಲಿ ಹಾರಿದ ವೆಬ್‌ನದು 6.5 ಮೀಟರ್, ಅದನ್ನೂ ಮಡಚಿ ರಾಕೆಟ್ಟಿನಲ್ಲಿ ತುಂಬಬೇಕಾಯಿತು. ಚಿಲಿಯ ಗುಡ್ಡವೊಂದರ ಮೇಲೆ ಈಗ ಕಟ್ಟುತ್ತಿರುವುದು 39 ಮೀಟರಿನದು. ಕನ್ನಡಿ ಅಗಲವಾದಷ್ಟೂ ಒತ್ತೊತ್ತಾಗಿರುವ ಎರಡು ಚುಕ್ಕಿಗಳನ್ನು ಬಿಡಿಸಿ ನೋಡಬಹುದು. ಅಲ್ಲದೆ ವೆಬ್ ಇರುವುದು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಹೋಗಿ ಒಂದು ಸ್ಕ್ರೂ ಬಿಗಿ ಮಾಡಲೂ ಆಗದು. ಭೂಮಿಯ ಮೇಲಿನದಕ್ಕೆ ಹತ್ತು ವರ್ಷಕ್ಕೊಮ್ಮೆ ಹೊಸ ಉಪಕರಣ ಕೂರಿಸಬಹುದು.

ಗಾಳಿಯ ನಡುಕವನ್ನು ಅಳೆದು, ಅದಕ್ಕೆ ತಿರುವುಮುರುವಾಗಿ ಕನ್ನಡಿಯನ್ನೇ ಬಾಗಿಸಬಹುದು ಎಂದು ಅಮೆರಿಕದ ಖಗೋಳ ವಿಜ್ಞಾನಿ ಹೊರೇಸ್ ಬ್ಯಾಬ್‌ಕಾಕ್ ಬರೆದದ್ದು 1953ರಲ್ಲಿ. ಆಗ ಅಷ್ಟು ವೇಗದ ಕಂಪ್ಯೂಟರ್ ಎಲ್ಲಿತ್ತು? ಖಗೋಳಕ್ಕೆ ಅದು ಕೈಗೂಡಿದ್ದು 1989ರಲ್ಲಿ, ಫ್ರಾನ್ಸಿನಲ್ಲಿ.

ನಮ್ಮ ಪ್ರಯೋಗಾಲಯದ ಬಾಗುವ ಕನ್ನಡಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅದರ ಬೆನ್ನಿಗೆ 140 ಪುಟ್ಟ ಒತ್ತುಗೋಲುಗಳು. ಪ್ರತಿಯೊಂದೂ ಸರಿಯುವುದು ಕೆಲವೇ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು), ಸೆಕೆಂಡಿಗೆ ಸಾವಿರ ಸಲದವರೆಗೆ. ಎಷ್ಟು ಬಾಗಬೇಕು ಎಂದು ಹೇಳುವುದು ಶಾಕ್-ಹಾರ್ಟ್‌ಮನ್ ಸಂವೇದಕ: ಸಾಲಾಗಿ ಜೋಡಿಸಿದ ಅತಿ ಚಿಕ್ಕ ಮಸೂರಗಳು ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತವೆ. ಪರದೆಯ ಮೇಲೆ ನೋಡಿದರೆ ಅವ್ವ ರಂಗೋಲಿಗೆ ಇಡುವ ಚುಕ್ಕಿಗಳೇ. ಲೇಸರ್ ಹಾದಿಯ ಕೆಳಗೆ ಅಂಗೈ ಹಿಡಿದರೆ ಸಾಕು, ಕೈಯ ಕಾವಿಗೇ ಚುಕ್ಕಿಗಳು ಸಾಲು ತಪ್ಪುತ್ತವೆ. ಯಾವ ಚುಕ್ಕಿ ಎಷ್ಟು ಸರಿಯಿತೋ ಅಲ್ಲೇ ಗಾಳಿಯ ಲೆಕ್ಕ. ಕನ್ನಡಿಗೆ ಆಜ್ಞೆ ಹೋದೊಡನೆ, ಚೆದುರಿದ ಬೆಳಕು ಒಂದೇ ಬಿಂದುವಾಗಿ ಕೂಡಿಕೊಳ್ಳುತ್ತದೆ. ಅದನ್ನು ನೂರಾರು ಸಲ ನೋಡಿದ್ದೇನೆ, ಇನ್ನೂ ಮೈ ಜುಮ್ಮೆನ್ನುತ್ತದೆ.

ಗಾಳಿಯ ನಡುಕ ಅಳೆಯಲು, ನಾವು ನೋಡುತ್ತಿರುವ ದಿಕ್ಕಿನ ಹತ್ತಿರದಲ್ಲೊಂದು ಪ್ರಕಾಶಮಾನ ನಕ್ಷತ್ರ ಬೇಕು. ಇಲ್ಲದ ಕಡೆ ನಾವೇ ಮಾಡಿಕೊಳ್ಳುತ್ತೇವೆ. ಸುಮಾರು 90 ಕಿಲೋಮೀಟರ್ ಎತ್ತರದಲ್ಲಿ ಸೋಡಿಯಂ ಪರಮಾಣುಗಳ ತೆಳು ಪದರ ಇದೆ. ಹಳದಿ ಲೇಸರ್ ಬಿಟ್ಟರೆ ಅದು ಹೊಳೆದು ಕೃತಕ ನಕ್ಷತ್ರವಾಗುತ್ತದೆ.

"ಹಂಗಾರ ನಮ್ಮ ಊರಾಗೂ ಒಂದು ಹಾಕ್ರಲ್ಲ" ಎಂದೂ ಕೇಳುತ್ತಾರೆ. ಮೊದಲೇ ನಡುಕ ಕಡಿಮೆ ಇರುವ ಜಾಗ ಆರಿಸಿದರೆ ಕನ್ನಡಿಗೆ ಕೆಲಸ ಹಗುರ. ನಮ್ಮಲ್ಲಿ ಹಗಲೆಲ್ಲ ಕಾದ ನೆಲ, ಶಹಾಬಾದ್ ಕಲ್ಲಿನ ಮನೆಗಳು ರಾತ್ರಿಯಿಡೀ ಕಾವು ಬಿಡುತ್ತಿರುತ್ತವೆ. ಅದಕ್ಕೇ ನಮ್ಮ ದೇಶದ ಖಗೋಳ ವಿಜ್ಞಾನಿಗಳು ದೂರದರ್ಶಕ ಇಡಲು ಲಡಾಖಿನ ಹಾನ್ಲೆಗೆ, 4,500 ಮೀಟರ್ ಎತ್ತರಕ್ಕೆ ಹೋಗಿದ್ದಾರೆ. ಕಲಬುರಗಿಯಿಂದ ಆಳಿದ ಫಿರೋಜ್ ಶಾ ಬಹಮನಿ ಕೂಡ 1407ರಲ್ಲಿ ವೀಕ್ಷಣಾಲಯಕ್ಕೆ ಕೈಹಾಕಿದ್ದು ದೌಲತಾಬಾದಿನ ಹತ್ತಿರ. ಅದು ಅರ್ಧಕ್ಕೇ ನಿಂತಿತು ಅನ್ನುವ ಸಂಕಟ ನನಗೆ ಇವತ್ತಿಗೂ ಇದೆ.

ಮೇ ತಿಂಗಳಲ್ಲಿ ನಾವು ಮಲಗುವುದು ಮಾಳಿಗೆ ಮೇಲೆ. ನಡುರಾತ್ರಿ ಕಳೆದ ಮೇಲೆ ಧನು ರಾಶಿ ಮೇಲೇರಿತು. ಕಾಕಾಗೆ ಬೆರಳು ಮಾಡಿ ತೋರಿಸಿದೆ. ನಮ್ಮ ಆಕಾಶಗಂಗೆಯ ನಡುಗೇಂದ್ರ ಆ ದಿಕ್ಕಿಗಿದೆ. ಅಲ್ಲಿ ಎಸ್2 ಎಂಬ ನಕ್ಷತ್ರ, ಕಣ್ಣಿಗೆ ಕಾಣದ ಯಾವುದನ್ನೋ 16 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಆ ಸುತ್ತನ್ನು ವರ್ಷಗಟ್ಟಲೆ ಹಿಂಬಾಲಿಸಲು ನೆಲದ ಮೇಲಿನ ಭಾರೀ ದೂರದರ್ಶಕಗಳೂ ಈ ಬಾಗುವ ಕನ್ನಡಿಗಳೂ ಬೇಕಾದವು. ಸುತ್ತಿನ ಲೆಕ್ಕದಿಂದ, ನಡುವೆ ಇರುವುದು ಸೂರ್ಯನಿಗಿಂತ 40 ಲಕ್ಷ ಪಟ್ಟು ತೂಕದ ಕಪ್ಪು ಕುಳಿ ಎಂದು ತಿಳಿಯಿತು. 2020ರ ಭೌತಶಾಸ್ತ್ರ ನೊಬೆಲ್‌ನ ಅರ್ಧ ಪಾಲು ಖಗೋಳ ವಿಜ್ಞಾನಿಗಳಾದ ಗೆನ್ಜೆಲ್ ಮತ್ತು ಗೆಜ್ ಅವರಿಗೆ ಹೋದದ್ದು ಇದಕ್ಕೇ.

ಕಾಕಾ ಬಹಳ ಹೊತ್ತು ಆ ಕಡೆಯೇ ನೋಡಿದರು. "ಇಷ್ಟೊಂದು ಮಿಣಮಿಣ ಅಂತಾವಲ್ಲೋ" ಅಂದರು. "ಎಲ್ಲಾ ಹಂಚಿನ ಮ್ಯಾಲಿನ ಗಾಳಿ."